ಸ್ನೋವೈಟ್‌ಳ ಕೆನ್ನೆಗೆ ಬಣ್ಣ ಹಚ್ಚಿದವರು

ಸ್ನೇಹಿತರೇ, ವಾಲ್ಟ್ ಡಿಸ್ನಿ ದೊಡ್ಡ ಕಲಾವಿದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನ ಮಾತು ಕೇಳಿ ‘ಇವರಿಗೆ ಡಿಸ್ನಿಯನ್ನು ಕಂಡರಾಗದು’ ಅಂದುಕೊಂಡೀರಿ.

1937ರ ಡಿಸೆಂಬರ್‌ನಲ್ಲಿ ‘ಸ್ನೋವೈಟ್’ ಬರುವ ಮುಂಚೆ ಹಾಲಿವುಡ್ಡಿನವರು ಅದನ್ನು ಡಿಸ್ನಿಯ ಹುಚ್ಚಾಟ ಎಂದು ಆಡಿಕೊಂಡಿದ್ದರು. ಕಾರ್ಟೂನನ್ನು ಎಂಬತ್ತು ನಿಮಿಷ ಯಾರು ಕೂತು ನೋಡುತ್ತಾರೆ? ಜನ ನೋಡಿದರು, ಅತ್ತರು ಕೂಡ. ಸತ್ತಂತೆ ಮಲಗಿದವಳ ಸುತ್ತ ಕುಬ್ಜರು ನಿಂತು ಅಳುವಾಗ ನನಗಂತೂ ಇವತ್ತಿಗೂ ಗಂಟಲು ಕಟ್ಟುತ್ತದೆ. ತನ್ನ ಚಿತ್ರಕಾರರು ಇನ್ನಷ್ಟು ಕಲಿಯಲಿ ಎಂದು ಸ್ಟುಡಿಯೋದಲ್ಲೇ ಚಿತ್ರಕಲೆಯ ಪಾಠ ಹೇಳಿಸಿದ ಮಾಲೀಕ ಆತ.

ಈಗ ಇನ್ನೊಂದು ಕೋಣೆಗೆ ಬನ್ನಿ. ಪೆನ್ಸಿಲ್ಲಿನ ಚಿತ್ರಗಳನ್ನು ಸೆಲ್ಯುಲಾಯ್ಡ್ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬುತ್ತಿದ್ದವರು ಬಹುಪಾಲು ಹೆಣ್ಣುಮಕ್ಕಳು. ಸ್ನೋವೈಟ್‌ಳ ಕೆನ್ನೆಯ ಕೆಂಪು ಅವರ ಕೈಯದು. ಸಂಬಳ ವಾರಕ್ಕೆ ಇಪ್ಪತ್ತು ಡಾಲರಿನ ಆಸುಪಾಸು. ಮೇಲಿನ ಸಾಲಿನ ಆನಿಮೇಟರ್‌ಗಳಿಗೆ ಅದರ ಹತ್ತು ಪಟ್ಟು. ತೆರೆಯ ಮೇಲೆ ಆ ಹೆಣ್ಣುಮಕ್ಕಳ ಹೆಸರಿಲ್ಲ. ಆಸ್ಕರ್ ಸಮಾರಂಭದಲ್ಲಿ ಆ ಚಿತ್ರಕ್ಕೆ ಒಂದು ದೊಡ್ಡ ಪ್ರತಿಮೆ, ಜೊತೆಗೆ ಏಳು ಪುಟ್ಟ ಪ್ರತಿಮೆ ಕೊಟ್ಟರು. ಎಂಟೂ ವಾಲ್ಟ್ ಕೈಗೇ.

‘ಕೃತಿ ಬೇರೆ, ಕರ್ತೃ ಬೇರೆ’ ಎನ್ನುವ ಮಾತು ನಮ್ಮಲ್ಲಿ ಬಲು ಸಲೀಸು. ಕವಿ ಮನೆಯಾಳನ್ನು ಬೈದರೂ ಪದ್ಯವನ್ನು ಆಳು ಬರೆದಿರುವುದಿಲ್ಲವಲ್ಲ, ಅಲ್ಲಿ ಆ ಮಾತು ಹೇಗೋ ನಡೆದೀತು. ಸೆಕೆಂಡಿಗೆ 24 ಚೌಕಟ್ಟು ಬೇಡುವ ಈ ಕಲೆಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ನಾವು ಮೆಚ್ಚುವ ಗೆರೆ, ಬಣ್ಣವೆಲ್ಲ ಸಂಬಳದವರದೇ. ಅವರಿಗಾದ ಅನ್ಯಾಯವನ್ನು ಪಕ್ಕಕ್ಕಿಟ್ಟು ಕೃತಿಯನ್ನು ಹೊಗಳಿದರೆ ಅರ್ಧ ಕೃತಿಯನ್ನೇ ನೋಡದ ಹಾಗಾಯಿತು.

1941ರ ಮೇ ಕೊನೆಗೆ ಅವರಲ್ಲಿ ನೂರಾರು ಮಂದಿ ಬರ್ಬ್ಯಾಂಕಿನ ಡಿಸ್ನಿ ಸ್ಟುಡಿಯೋ ಗೇಟಿನ ಮುಂದೆ ಮುಷ್ಕರಕ್ಕೆ ನಿಂತರು. ಡಿಸ್ನಿಯ ಕಷ್ಟವೂ ಸುಳ್ಳಲ್ಲ: ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿತ್ತು, ಹಿಂದಿನ ವರ್ಷದ ‘ಪಿನೋಕಿಯೋ’, ‘ಫ್ಯಾಂಟೇಸಿಯಾ’ ಎರಡೂ ಹಣ ಕಳೆದಿದ್ದವು, ಹೊಸ ಸ್ಟುಡಿಯೋ ಸಾಲ ಬೇರೆ. ಆದರೆ ಕಿಡಿ ಹೊತ್ತಿದ್ದು ಬರೀ ಹಣಕ್ಕಲ್ಲ. ‘ಸ್ನೋವೈಟ್’ನ ಕ್ರೂರ ರಾಣಿಗೆ ಜೀವ ತುಂಬಿದ ಆರ್ಟ್ ಬ್ಯಾಬಿಟ್ ಒಳ್ಳೆಯ ಸಂಬಳದಲ್ಲಿದ್ದೂ ಕೆಳಗಿನವರ ಪರ ಸಂಘ ಕಟ್ಟಲು ಹೊರಟರು. ಅವರನ್ನು ಕೆಲಸದಿಂದ ತೆಗೆದರು. ಮುಷ್ಕರ ಮುಗಿದು ಸಂಘಕ್ಕೆ ಮಾನ್ಯತೆ ಸಿಕ್ಕಿತು. ಕಾನೂನಿನ ಬಲದಿಂದ ಬ್ಯಾಬಿಟ್ ಮರಳಿ ಒಳಗೆ ಬಂದರು. ಅದೇ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ‘ಡಂಬೊ’ದಲ್ಲಿ ಸರ್ಕಸ್ಸಿನ ಕೋಡಂಗಿಗಳು ಕುಡಿದು, ಸಂಬಳ ಏರಿಸಿ ಎಂದು ಯಜಮಾನನ ಬಳಿ ಹೊರಡುತ್ತಾರೆ. ಯಾರಿಗೆ ಕುಟುಕಿದ್ದು ಎಂಬುದು ಒಳಗಿನವರಿಗೆ ಗೊತ್ತಾಗದೆ ಇದ್ದೀತೇ?

ಇಲ್ಲಿಗೆ ನಿಂತಿದ್ದರೆ ಮಾಲೀಕನ ಸಿಟ್ಟು ಎಂದು ಬಿಡಬಹುದಿತ್ತು. ಆರು ವರ್ಷ ಕಳೆದು, 1947ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿಯ ಮುಂದೆ ಡಿಸ್ನಿ ತಮ್ಮ ಹಳೆಯ ನೌಕರ ಡೇವಿಡ್ ಹಿಲ್ಬರ್ಮನ್ ಹೆಸರು ಹೇಳಿದರು. ಕೊಟ್ಟ ಸಾಕ್ಷ್ಯ: ಆತನಿಗೆ ಧರ್ಮವಿಲ್ಲ, ಮಾಸ್ಕೋದಲ್ಲಿ ರಂಗಭೂಮಿ ಕಲಿತವನು. ಆ ಕಾಲದಲ್ಲಿ ಒಬ್ಬನ ಅನ್ನ ಕಸಿಯಲು ಇಷ್ಟು ಸಾಕಿತ್ತು. ಇದನ್ನು ನಾನು ಕ್ಷಮಿಸಲಾರೆ.

ಇದೇ ಹಿಲ್ಬರ್ಮನ್ ಸ್ಟುಡಿಯೋ ಬಿಟ್ಟ ಜೊತೆಗಾರರೊಡನೆ ಕಟ್ಟಿದ ಸಂಸ್ಥೆ ಮುಂದೆ ಯುಪಿಎ (ಯುನೈಟೆಡ್ ಪ್ರೊಡಕ್ಷನ್ಸ್ ಆಫ್ ಅಮೆರಿಕ) ಎಂದು ಹೆಸರಾಯಿತು. ಡಿಸ್ನಿಯ ದುಂಡನೆಯ ಗೆರೆ ಬಿಟ್ಟು ಚಪ್ಪಟೆಯ ಆಕಾರ, ಖಾಲಿ ಹಿನ್ನೆಲೆ, ಬೇಕೆಂದ ಕಡೆ ಬೇಕೆಂದ ಬಣ್ಣ. ಹಿಲ್ಬರ್ಮನ್ ತಮ್ಮ ಪಾಲು ಮಾರಿ ಹೊರಬಂದ ಮೇಲೆ, 1951ರಲ್ಲಿ, ಆ ಸಂಸ್ಥೆಯ ‘ಜೆರಾಲ್ಡ್ ಮೆಕ್‌ಬೋಯಿಂಗ್ ಬೋಯಿಂಗ್’ ಆಸ್ಕರ್ ಗೆದ್ದಿತು. ಚಿಕ್ಕ ಚಿತ್ರ, ಈಗ ಅದನ್ನೇ ಹಾಕುತ್ತೇನೆ. ಪ್ರಶ್ನೆಗಳಿದ್ದರೆ ಆಮೇಲೆ ಕೇಳಿ.