ಹನ್ನೆರಡು ಕುರ್ಚಿಗಳು

ನಮಸ್ಕಾರ. ಇಂದು ನಾನು ಮಾತನಾಡಬೇಕೆಂದಿರುವುದು ಕಥೋಲಿಕ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಿಂದ ವಾರ್ಷಿಕೋತ್ಸವದ ಭಾಷಣದವರೆಗೆ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿನ ಬಗ್ಗೆ: ‘ನಾವೆಲ್ಲರೂ ಒಂದೇ ಕುಟುಂಬ.’ ವಿದ್ಯಾರ್ಥಿಯಾಗಿದ್ದಷ್ಟು ಕಾಲವೂ ಈ ಮಾತನ್ನು ಕೇಳಿಕೊಂಡು ಬೆಳೆದವಳು ನಾನು. ಅದು ಸುಳ್ಳೆಂದು ನನಗೆ ಎಂದೂ ಅನ್ನಿಸಲಿಲ್ಲ. ಪೂರ್ತಿ ನಿಜವೆಂದೂ ಅನ್ನಿಸಲಿಲ್ಲ.

ನಮ್ಮ ಶಾಲೆಯಲ್ಲಿ ಈಸ್ಟರಿಗೆ ಮುಂಚಿನ ಪವಿತ್ರ ವಾರದ ರಜೆಗೆ ಮುನ್ನ, ಯೇಸುಸ್ವಾಮಿ ಕೊನೆಯ ಊಟದ ರಾತ್ರಿ ತನ್ನ ಹನ್ನೆರಡು ಶಿಷ್ಯರ ಪಾದ ತೊಳೆದುದರ ನೆನಪಿಗಾಗಿ, ಪಾದ ತೊಳೆಯುವ ವಿಧಿ ನಡೆಯುತ್ತಿತ್ತು. ಸಭಾಂಗಣದ ಮುಂಭಾಗದಲ್ಲಿ ಹನ್ನೆರಡು ಕುರ್ಚಿ, ಒಂದು ಬೋಗುಣಿ, ಮಡಿಸಿಟ್ಟ ಬಿಳಿಯ ಟವೆಲ್. ಒಂದು ವರ್ಷ ನನ್ನನ್ನೂ ಆರಿಸಿದ್ದರು. ಹಿಂದಿನ ದಿನ ಟೀಚರ್ ನಮ್ಮನ್ನು ಕರೆದು, ‘ನಾಳೆ ಕಾಲು ಚೆನ್ನಾಗಿ ತೊಳೆದುಕೊಂಡು ಬನ್ನಿ’ ಎಂದು ಎಚ್ಚರಿಸಿದ್ದರು. ಆ ಮಾತಿಗೆ ಆಗ ಯಾರೂ ನಗಲಿಲ್ಲ. ನಾವು ಹನ್ನೆರಡು ಮಂದಿಯೂ ಬಹುಮಾನ ಗೆದ್ದವರು, ಇಲ್ಲವೇ ಕ್ಲಾಸ್ ಲೀಡರುಗಳು. ಫಾದರ್ ಮಂಡಿಯೂರಿ, ಆಗಲೇ ಎರಡು ಸಲ ಸೋಪು ಕಂಡಿದ್ದ ನಮ್ಮ ಪಾದಗಳಿಗೆ ನೀರು ಹೊಯ್ದು ಒರೆಸಿದರು. ಎಲ್ಲ ಮುಗಿದ ಮೇಲೆ, ಅಷ್ಟು ಹೊತ್ತೂ ಬಾಗಿಲ ಬಳಿ ನಿಂತೇ ಇದ್ದ ಆಯಾ ಒಳಗೆ ಬಂದು, ಚೆಲ್ಲಿದ್ದ ನೀರನ್ನು ಒರೆಸಿ, ಬೋಗುಣಿಯನ್ನು ಎತ್ತಿಕೊಂಡು ಹೋದರು. ಅವರ ಹೆಸರೇನೆಂದು ಕುರ್ಚಿಯಲ್ಲಿ ಕೂತಿದ್ದ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಬೈಬಲಿನಲ್ಲಿ ಈ ಪ್ರಸಂಗ ಬರುವ ಯೊವಾನ್ನನ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ದೊಡ್ಡವಳಾದ ಮೇಲೆ ನಿಧಾನವಾಗಿ ಓದಿದಾಗ ನನ್ನನ್ನು ಕಾಡಿದ್ದು ಇದೇ ಚಿತ್ರ. ಆ ರಾತ್ರಿ ಯೇಸುಸ್ವಾಮಿ ಯಾರ ಯೋಗ್ಯತೆಯನ್ನೂ ತೂಗಿ ನೋಡಲಿಲ್ಲ. ಬೆಳಗಾಗುವುದರೊಳಗೆ ತನ್ನನ್ನು ಅರಿಯೆನೆಂದು ಹೇಳಲಿದ್ದ ಪೇತ್ರನೂ, ತನ್ನನ್ನು ಹಿಡಿದುಕೊಡಲು ಆಗಲೇ ಮನಸ್ಸು ಮಾಡಿದ್ದ ಯೂದನೂ ಆ ಊಟದ ಪಂಕ್ತಿಯಲ್ಲಿದ್ದರು. ಯೂದನು ಎದ್ದು ಕತ್ತಲಿಗೆ ಹೊರಟದ್ದು ಪಾದ ತೊಳೆದಾದ ಮೇಲೆಯೇ. ಅಂಥ ವಿಧಿಯನ್ನು ನಾವು ಜಾಣ ಮಕ್ಕಳಿಗೆ ಕೊಡುವ ಇನ್ನೊಂದು ಬಹುಮಾನವನ್ನಾಗಿ ಮಾಡಿಕೊಂಡೆವು. 2013ರಲ್ಲಿ ಪೋಪ್ ಫ್ರಾನ್ಸಿಸ್ ಅಧಿಕಾರಕ್ಕೆ ಬಂದ ಹದಿನೈದೇ ದಿನಗಳಲ್ಲಿ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರು, ಮುಸ್ಲಿಮರೂ ಇದ್ದರು. ಹೆಣ್ಣುಮಕ್ಕಳ ಪಾದ ತೊಳೆಯಬಹುದೆಂದು ವಿಧಿಯ ನಿಯಮವೇ ಬದಲಾದದ್ದು 2016ರ ಜನವರಿಯಲ್ಲಿ. ಕೆಲಸ ಮೊದಲು ಆಯಿತು, ಕಾಗದ ಆಮೇಲೆ ಬಂತು.

ಕಾಗದಕ್ಕೇನೂ ಕೊರತೆಯಿರಲಿಲ್ಲವೆನ್ನಿ. ಜಗತ್ತಿನ ಕಥೋಲಿಕ ಬಿಷಪ್ಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆಯು, ಶುಭಸಂದೇಶದ ಸ್ವಾತಂತ್ರ್ಯ ಮತ್ತು ಪ್ರೀತಿ ತುಂಬಿದ ವಾತಾವರಣವೊಂದನ್ನು ಶಾಲೆಯ ಸಮುದಾಯದಲ್ಲಿ ಮೂಡಿಸುವುದೇ ಕಥೋಲಿಕ ಶಾಲೆಯ ವಿಶೇಷ ಹೊಣೆಯೆಂದು ಹೇಳುತ್ತದೆ. ಬಡವರು, ಮನೆಯ ಆಸರೆಯಿಲ್ಲದವರು, ಕ್ರೈಸ್ತ ವಿಶ್ವಾಸಕ್ಕೆ ಹೊರಗಿನವರು, ಇವರ ಮೇಲೆ ವಿಶೇಷ ಕಾಳಜಿ ಇರಲಿ ಎಂದೂ ಹೇಳುತ್ತದೆ. ಇತರ ಧರ್ಮಗಳಲ್ಲಿರುವ ಸತ್ಯವನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದ ಘೋಷಣೆ ಹೊರಬಿದ್ದದ್ದೂ ಅದೇ ದಿನ. ಹಾಗಾಗಿ ಬೇರೆ ಧರ್ಮದ ಮಗುವೊಂದು ಪ್ರಾರ್ಥನೆಯ ಹೊತ್ತಿನಲ್ಲಿ ಕೈಮುಗಿಯದೆ ಸುಮ್ಮನೆ ನಿಂತರೆ ಅದರಿಂದ ಶಾಲೆಯ ಒಗ್ಗಟ್ಟಿಗೆ ಧಕ್ಕೆ ಬಂತೆಂದು ನಾನು ಒಪ್ಪುವುದಿಲ್ಲ. ಆ ಮಗು ಅಲ್ಲಿ ಅಂಜಿಕೆಯಿಲ್ಲದೆ ನಿಲ್ಲಬಲ್ಲದಾದರೆ ಆ ಘೋಷಣೆಯ ‘ಸ್ವಾತಂತ್ರ್ಯ’ ಎಂಬ ಶಬ್ದ ಆ ಶಾಲೆಯಲ್ಲಿ ಇನ್ನೂ ಬದುಕಿದೆ.

ಕಷ್ಟದ ಪ್ರಶ್ನೆ ಹಣದ್ದು. ಫೀಸು ಕಟ್ಟದ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಿ, ಒಳಗೆ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರಿಯದವನ ಕಥೆ ಹೇಳುವುದು ಸಾಧ್ಯವೇ? ಸಾಧ್ಯ, ನಾನೇ ಕಂಡಿದ್ದೇನೆ. ಹಾಗೆಂದು ಸಂಬಳ ಕೊಡಬೇಕಾದ ಪ್ರಿನ್ಸಿಪಾಲರ ಪಾಡನ್ನು ಹಗುರಾಗಿ ಕಾಣುವವಳಲ್ಲ ನಾನು. ಆದರೆ ಇಂಥ ಹೊತ್ತಿನಲ್ಲಿ ನನಗೆ ನೆನಪಾಗುವುದು ಶಿಕ್ಷಕರ ಪಾಲಕ ಸಂತರಾದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್. ಫ್ರಾನ್ಸಿನ ರೀಮ್ಸ್ ಪಟ್ಟಣದ ಸಿರಿವಂತ ಮನೆತನದ ಈ ಪಾದ್ರಿ, ಬಡಮಕ್ಕಳಿಗೆ ಕಲಿಸುತ್ತಿದ್ದ ಮೇಷ್ಟ್ರುಗಳನ್ನು 1681ರಲ್ಲಿ ತಮ್ಮ ಮನೆಗೇ ಕರೆತಂದು ಇರಿಸಿಕೊಂಡಾಗ ಬಂಧುಗಳು ಮುಖ ಸಿಂಡರಿಸಿದರು. ನಾಳೆಯ ಚಿಂತೆಯಲ್ಲಿದ್ದ ಆ ಮೇಷ್ಟ್ರುಗಳಿಗೆ ‘ದೇವರ ಮೇಲೆ ಭಾರ ಹಾಕಿ’ ಎಂದು ಇವರು ಬುದ್ಧಿ ಹೇಳಿದರೆ, ಆಸ್ತಿಯೂ ವರಮಾನವೂ ಇರುವ ನಿಮಗೆ ಹಾಗೆನ್ನುವುದು ಸುಲಭ ಎಂದು ಅವರು ಮುಖಕ್ಕೆ ಹೊಡೆದಂತೆ ಉತ್ತರಿಸಿದರು. ಲಾಸಾಲ್ ಮುನಿಸಿಕೊಳ್ಳಲಿಲ್ಲ. 1683ರಲ್ಲಿ ಪಟ್ಟಣದ ಮುಖ್ಯ ಚರ್ಚಾದ ಪ್ರಧಾನಾಲಯದಲ್ಲಿದ್ದ ತಮ್ಮ ವರಮಾನದ ಹುದ್ದೆಯನ್ನು ಬಿಟ್ಟುಕೊಟ್ಟು, ಆಮೇಲೆ ಬಂದ ಬರದಲ್ಲಿ ತಮ್ಮ ಆಸ್ತಿಯನ್ನು ಹಸಿದವರಿಗೆ ಹಂಚಿ, ಆ ಮೇಷ್ಟ್ರುಗಳಷ್ಟೇ ಬರಿಗೈಯವರಾದರು. ಅವರ ಶಾಲೆಗಳಲ್ಲಿ ಸಮುದಾಯವೆಂಬುದು ಆರಂಭವಾದದ್ದು ಅಲ್ಲಿಂದ: ಬೋಧಿಸುವವರೂ ಕೇಳುವವರೂ ಒಂದೇ ಅಭದ್ರತೆಯಲ್ಲಿ ಕೂತಲ್ಲಿಂದ. ಎಲ್ಲರೂ ಹಾಗೆ ಮಾಡಬೇಕೆಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಫೀಸು ಬಾಕಿಯಿರುವ ಮಗುವಿನ ಹೆಸರನ್ನು ಎಲ್ಲರೆದುರು ಓದದಿರುವುದಕ್ಕೆ ಸಂತರಾಗಬೇಕಿಲ್ಲ, ನಾಲ್ಕು ಗೋಡೆಯ ನಡುವೆ ಪೋಷಕರೊಡನೆ ಮಾತನಾಡುವಷ್ಟು ಸೌಜನ್ಯ ಸಾಕು.

ಶಿಕ್ಷಕಿಯಾಗಿರುವ ನನ್ನ ಗೆಳತಿ ಮೊನ್ನೆ ಸಿಕ್ಕಿದ್ದಳು. ಅವಳ ಶಾಲೆಯಲ್ಲಿ ಈ ಸಲ ಹನ್ನೆರಡು ಹೆಸರುಗಳನ್ನು ಚೀಟಿ ಎತ್ತಿ ಆರಿಸಿದರಂತೆ, ಕೆಲಸದವರ ಹೆಸರನ್ನೂ ಸೇರಿಸಿ. ಗೇಟಿನ ಕಾವಲುಗಾರರ ಹೆಸರು ಬಂದಾಗ ಅವರು, ಯೇಸುಸ್ವಾಮಿ ಪಾದ ತೊಳೆಯಬಂದಾಗ ಮೊದಲು ಒಲ್ಲೆನೆಂದ ಪೇತ್ರನಂತೆಯೇ, ಬೇಡವೇ ಬೇಡವೆಂದು ಹಿಂಜರಿದರಂತೆ. ಕೊನೆಗೆ ಶೂ ಬಿಚ್ಚಿದಾಗ ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತಂತೆ, ಮಕ್ಕಳು ಯಾರೂ ನಗಲಿಲ್ಲವಂತೆ. ಹೇಳುವಾಗ ಅವಳ ದನಿ ತುಂಬಿಬಂದಿತ್ತು. ನಾನು ಒಂದೇ ಒಂದು ಮಾತು ಕೇಳಿದೆ: ‘ಕೊನೆಗೆ ನೆಲ ಒರೆಸಿದ್ದು ಯಾರು?’ ಅವಳು ತುಸು ಹೊತ್ತು ಯೋಚಿಸಿ, ‘ಅದನ್ನು ನಾನು ಗಮನಿಸಲೇ ಇಲ್ಲ’ ಎಂದಳು.