ವ್ಯಾನ್ ಡರ್ ಲಿಂಡ್ ಗ್ಯಾಂಗ್ ಮುಳುಗಿದ್ದು ಮೈಕಾನಿಂದ ಅಲ್ಲ

ನಮಸ್ಕಾರ. ಇವತ್ತಿನ ಮಾತು ರೆಡ್ ಡೆಡ್ ರಿಡೆಂಪ್ಷನ್ 2 ಅನ್ನೋ ವಿಡಿಯೋ ಗೇಮ್ ಬಗ್ಗೆ, ಅದರಲ್ಲೂ ಡಚ್ ವ್ಯಾನ್ ಡರ್ ಲಿಂಡ್ ಕಟ್ಟಿದ ದರೋಡೆಕೋರರ ಗ್ಯಾಂಗ್ ಬಗ್ಗೆ. ಕಥೆಯನ್ನ ಕೊನೇವರೆಗೂ ಬಿಚ್ಚಿ ಹೇಳ್ತೀನಿ. ಆಟ ಮುಗಿಸದೇ ಇರೋರು ಇಲ್ಲೇ ನಿಲ್ಲಿಸಿ, ಮುಗಿಸಿಕೊಂಡು ಬಂದು ಕೇಳಿ.

ಆಟ ಬಂದಿದ್ದು 2018ರ ಅಕ್ಟೋಬರ್ 26ಕ್ಕೆ. ಅವತ್ತಿಂದ ಇವತ್ತಿನವರೆಗೂ ಎಲ್ಲಿ ಹೋದರೂ ಒಂದೇ ಮಾತು: ಮೈಕಾ ಬೆಲ್ ಅನ್ನೋ ದ್ರೋಹಿ ಇಲ್ಲದಿದ್ದರೆ ಗ್ಯಾಂಗ್ ಉಳೀತಿತ್ತು. ಈ ಮಾತನ್ನ ನಾನು ಒಪ್ಪಲ್ಲ. ಯಾಕೆ ಅಂತ ತಾರೀಖಿನ ಲೆಕ್ಕದಲ್ಲೇ ನೋಡೋಣ.

ಗ್ಯಾಂಗಿನ ಬೆನ್ನು ಹತ್ತಿದ್ದ ಪಿಂಕರ್ಟನ್ ಅನ್ನೋ ಖಾಸಗಿ ಪತ್ತೇದಾರಿ ಸಂಸ್ಥೆಗೆ ಮೈಕಾ ಯಾವಾಗಿಂದ ಸುಳಿವು ಕೊಡ್ತಿದ್ದ ಅನ್ನೋದನ್ನ ಅದರ ಏಜೆಂಟ್ ಮಿಲ್ಟನ್ ಆರನೇ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳ್ತಾನೆ. ಸುಳಿವು ಕೊಡೋಕೆ ಶುರು ಮಾಡಿದ್ದು ಗ್ವಾರ್ಮಾ ದ್ವೀಪದಿಂದ ಇವರೆಲ್ಲ ವಾಪಸ್ ಬಂದಮೇಲೆ. ಹಾಗಾದರೆ ಅದಕ್ಕೂ ಮುಂಚೆ ಎಷ್ಟು ಹೆಣ ಬಿದ್ದಿತ್ತು? ಬ್ಲ್ಯಾಕ್‌ವಾಟರ್ ಊರಲ್ಲಿ ದೋಣಿ ದರೋಡೆ ಕೆಟ್ಟು ಆದ ಗಲಾಟೆಯಲ್ಲಿ ಜೆನ್ನಿ, ಡೇವಿ, ಮ್ಯಾಕ್. ರೋಡ್ಸ್ ಊರಿನ ನಡುಬೀದಿಯಲ್ಲಿ ಶಾನ್. ಶೇಡಿ ಬೆಲ್‌ನಲ್ಲಿ ಕೀರನ್. ಸೇಂಟ್ ಡೆನಿಯಲ್ಲಿ ಹೋಜಿಯಾ, ಲೆನ್ನಿ. ಏಳು ಜನ. ಜಾನ್ ಆಗಲೇ ಜೈಲಲ್ಲಿದ್ದ. ಮೈಕಾ ಬಾಯಿಬಿಡೋ ಹೊತ್ತಿಗೆ ಮನೆಯ ತೊಲೆಕಂಬವೆಲ್ಲ ಕುಸಿದಾಗಿತ್ತು. ಸೇಂಟ್ ಡೆನಿಯ ಬ್ಯಾಂಕ್ ದರೋಡೆಯ ಸುಳಿವು ಕೊಟ್ಟಿದ್ದು ನಾನೇ ಅಂತ ಕುಡಿದು ಕೂಗಾಡಿದ ಡಚ್‌ನ ಪ್ರೇಯಸಿ ಮಾಲಿಗೆ ಗುಂಡು ಬಿತ್ತಲ್ಲ, ಅವಳು ಏನೂ ಹೇಳಿರಲೇ ಇಲ್ಲ ಅನ್ನೋದು ಗೊತ್ತಾಗೋದೂ ಮಿಲ್ಟನ್ ಬಾಯಿಂದಲೇ.

ಮೈಕಾ ಕೆಟ್ಟವನೇ. ಬ್ಲ್ಯಾಕ್‌ವಾಟರ್ ದೋಣಿ ದರೋಡೆಗೆ ಡಚ್‌ನ ತಲೆ ಕೆಡಿಸಿದವನು ಅವನೇ. ಆದರೆ ಕೆಟ್ಟ ಸಲಹೆ ಕೊಡೋರು ಎಲ್ಲ ಕಡೆ ಇರ್ತಾರೆ. ಆ ಸಲಹೆ ಡಚ್‌ನ ಕಿವಿಗೆ ಯಾಕೆ ಅಷ್ಟು ಹಿತವಾಗಿ ಕೇಳಿಸ್ತು ಅನ್ನೋದೇ ನನ್ನ ಪ್ರಶ್ನೆ. ನನ್ನ ಪ್ರಕಾರ ಉತ್ತರ ಕ್ಯಾಂಪಿನ ಲೆಕ್ಕದ ಪುಸ್ತಕದಲ್ಲಿದೆ.

ಮೊದಲು ಬಾಯಿಗಳನ್ನ ಎಣಿಸಿ. ಶುರುವಿನಲ್ಲಿ ಡಚ್ ಮತ್ತು ಹೋಜಿಯಾ, ಇಬ್ಬರೇ. ಹುಡುಗ ಆರ್ಥರ್‌ನನ್ನ, ಅಂದರೆ ಆಟದಲ್ಲಿ ನಾವು ಆಡೋ ಪಾತ್ರವನ್ನ, ಸೇರಿಸ್ಕೊಂಡರು, ಆಮೇಲೆ ಹನ್ನೆರಡು ವರ್ಷದ ಜಾನ್ ಬಂದ. ಮೂರು ನಾಲ್ಕು ಜನ ಅಂದರೆ ಒಂದು ಊರಲ್ಲಿ ಮೋಸ ಮಾಡಿ ರಾತ್ರೋರಾತ್ರಿ ಕುದುರೆ ಹತ್ತಿ ಮಾಯ ಆಗಬಹುದು. 1899ಕ್ಕೆ ಬರೋ ಹೊತ್ತಿಗೆ ಹೆಂಗಸರು, ಒಂದು ಮಗು, ಅಡುಗೆಯ ಪಿಯರ್ಸನ್, ಕುಡುಕ ಪಾದ್ರಿ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ. ಗಾಡಿ, ಡೇರೆ, ಪಾತ್ರೆ ಪಗಡ. ಬಂದೂಕು ಹಿಡಿದು ಕೆಲಸಕ್ಕೆ ಹೋಗೋರು ಅದರಲ್ಲಿ ಅರ್ಧ ಜನ. ಹಿಂದೆ ಪಿಂಕರ್ಟನ್ನರು ಬಿದ್ದಿರುವಾಗ ಇಷ್ಟು ದೊಡ್ಡ ಸಂಸಾರವನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯೋದಕ್ಕೆ ತಿಂಗಳಿಗೊಂದು ದೊಡ್ಡ ಕಳ್ಳತನ ಬೇಕೇ ಬೇಕು.

ಆಟ ಈ ಭಾರವನ್ನ ನಮ್ಮ ಹೆಗಲ ಮೇಲೇ ಹೊರಿಸುತ್ತೆ. ದುಡ್ಡಿನ ಪೆಟ್ಟಿಗೆ, ಪಕ್ಕದಲ್ಲೇ ಪುಸ್ತಕ. ಆಹಾರ, ಔಷಧಿ, ಮದ್ದುಗುಂಡು, ಮೂರು ಖಾತೆ. ಡೇರೆಗಳನ್ನ ಸರಿಮಾಡಿಸಬೇಕು ಅಂದರೆ ಮೊದಲು ಡಚ್‌ನ ಡೇರೆಗೆ 220 ಡಾಲರ್ ಕೊಡಬೇಕು. ಅದಾದ ಮೇಲೇ ಆರ್ಥರ್‌ನದಕ್ಕೆ 325. ಯಜಮಾನನ ಡೇರೆ ಮೊದಲು! ಒಂದು ಭಾಷಣವೂ ಇಲ್ಲದೆ ಆ ಗ್ಯಾಂಗ್ ಹೇಗೆ ನಡೀತಿತ್ತು ಅನ್ನೋದನ್ನ ಆ ಒಂದು ಪುಟ ಹೇಳಿಬಿಡುತ್ತೆ.

ಇಲ್ಲಿ ಆಟದ ಒಂದು ದೋಷವನ್ನೂ ಹೇಳಲೇಬೇಕು. ನಾಲ್ಕನೇ ಅಧ್ಯಾಯದ ಹೊತ್ತಿಗೆ ಬೇಟೆಯಾಡಿ, ನಿಧಿ ಹುಡುಕಿ ಆಡೋರ ಜೇಬಿನಲ್ಲಿ ಸಾವಿರಾರು ಡಾಲರ್ ಇರುತ್ತೆ. ಅಷ್ಟು ದುಡ್ಡು ಇಟ್ಕೊಂಡೇ ಡಚ್ ಬಾಯಿಂದ "ದುಡ್ಡಿಲ್ಲ" ಅನ್ನೋ ಮಾತು ಕೇಳಿಸ್ಕೋಬೇಕು. ಕಥೆಯ ಬಡತನಕ್ಕೂ ಆಟದ ಶ್ರೀಮಂತಿಕೆಗೂ ಹೊಂದಿಕೆಯೇ ಇಲ್ಲ. ಇಷ್ಟು ಕಾಳಜಿಯಿಂದ ಕಟ್ಟಿದ ಆಟದಲ್ಲಿ ಇದೊಂದು ನನ್ನನ್ನ ನಿಜಕ್ಕೂ ಕಾಡುತ್ತೆ.

ಈಗ ದರೋಡೆಗಳಿಗೆ ಬರೋಣ. ಎರಡು ರೈಲನ್ನ ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೇದು ಕೋಲ್ಟರ್‌ನ ಹಿಮದಲ್ಲಿ. ಹಳಿಗೆ ಡೈನಮೈಟ್ ಇಟ್ಟು, ತಂತಿ ಬಿಚ್ಚಿಕೊಂಡು ಬಂದು ಡಿಟೊನೇಟರ್ ಪೆಟ್ಟಿಗೆಗೆ ಸಿಕ್ಕಿಸಿ, ರೈಲು ಬಂದಾಗ ಹಿಡಿ ಒತ್ತಬೇಕು. ಸಿಡಿಮದ್ದು ಹೂಡಿದವನು ಗ್ಯಾಂಗಿನ ಬಿಲ್. ಹಿಡಿ ಕೆಳಗೆ ಬೀಳುತ್ತೆ, ಆದರೆ ಏನೂ ಸಿಡಿಯಲ್ಲ. ಇಂಥ ವ್ಯವಸ್ಥೆಯಲ್ಲಿ ಒಂದು ಗಂಟು ಸಡಿಲ ಇದ್ದರೂ ವಿದ್ಯುತ್ತು ಮುಂದೆ ಹೋಗಲ್ಲ, ಪರೀಕ್ಷೆ ಮಾಡಿ ನೋಡೋಣ ಅಂದರೆ ಇರೋದು ಒಂದೇ ಅವಕಾಶ. ಓಡ್ತಿರೋ ರೈಲಿನ ಮೇಲೆ ಜಿಗಿದು ಕಾವಲಿನವರ ಜೊತೆ ಗುಂಡಿನ ಕಾಳಗ ಮಾಡಬೇಕಾಗುತ್ತೆ. ಸಿಕ್ಕಿದ್ದು ಬಾಂಡ್ ಪತ್ರಗಳು. ಅದಕ್ಕಿಂತ ದೊಡ್ಡದಾಗಿ ಸಿಕ್ಕಿದ್ದು ಲೆವಿಟಿಕಸ್ ಕಾರ್ನ್‌ವಾಲ್ ಅನ್ನೋ ಕೋಟ್ಯಧಿಪತಿಯ ಹಗೆ. ಹೋಜಿಯಾ ಬೇಡ ಅಂದಿದ್ದ. ಪಿಂಕರ್ಟನ್ನರಿಗೆ ದುಡ್ಡು ಸುರಿದವನು ಇದೇ ಕಾರ್ನ್‌ವಾಲ್.

ಎರಡನೇದು ಜಾನ್‌ನ ಉಪಾಯ. ಎಣ್ಣೆ ತುಂಬಿದ ಒಂದು ಗಾಡಿಯನ್ನ ಕದ್ದು ತಂದು ರಾತ್ರಿ ಹಳಿಗೆ ಅಡ್ಡ ನಿಲ್ಲಿಸೋದು, ಅಷ್ಟೇ. ಗುದ್ದಿದರೆ ರೈಲೇ ಹೊತ್ತಿ ಉರಿಯುತ್ತೆ ಅಂತ ಚಾಲಕನಿಗೆ ಗೊತ್ತು, ಬ್ರೇಕ್ ಹಾಕ್ತಾನೆ. ಹೋಗಿದ್ದು ನಾಲ್ಕೇ ಜನ, ತಂತಿ ಇಲ್ಲ, ಮದ್ದಿಲ್ಲ. ಕೆಲಸ ಗೆದ್ದಿತು. ಕಡಿಮೆ ಜನ, ಕಡಿಮೆ ಸಾಮಾನು, ಎದುರಿನವನ ಭಯವೇ ಬಂಡವಾಳ. ಹೋಜಿಯಾ ಹೇಳ್ತಿದ್ದ ಹಳೇ ದಾರಿಯೇ ಇದು. ಆದರೆ ಇಂಥ ಕೆಲಸದಲ್ಲಿ ಬರೋ ದುಡ್ಡು ನಾಲ್ಕು ಜನರಿಗೆ ಸಾಲುತ್ತೆ, ಇಪ್ಪತ್ತು ಬಾಯಿಗೆ ಸಾಲಲ್ಲ. ಅದಕ್ಕೇ ಡಚ್‌ಗೆ ಅದು ಸಣ್ಣದಾಗಿ ಕಂಡಿದ್ದು.

ಕಾಲ ಕೂಡ ಬದಲಾಗಿತ್ತು. ಅಮೆರಿಕದ ಇಂಡಿಯಾನಾದಲ್ಲಿ ರೀನೋ ಅಣ್ಣತಮ್ಮಂದಿರು ಓಡುವ ರೈಲು ದೋಚಿದ್ದು 1866ರಲ್ಲಿ. ಆಗ ಅದು ಹೊಸ ವಿದ್ಯೆ. 1899ಕ್ಕೆ ಅದೇ ವಿದ್ಯೆ ಹಳಸಿತ್ತು. ಆ ವರ್ಷ ಜೂನ್ 2ರಂದು ವಯೋಮಿಂಗ್‌ನ ವಿಲ್ಕಾಕ್ಸ್ ಹತ್ತಿರ ನಿಜವಾದ ರೈಲು ದರೋಡೆಯೊಂದು ನಡೀತು. ಡೈನಮೈಟ್ ಹಾಕಿದ ರಭಸಕ್ಕೆ ಬೋಗಿಯೇ ಛಿದ್ರ ಆಯ್ತು, ಪಿಂಕರ್ಟನ್ನರು ಬೆನ್ನು ಹತ್ತಿದರು. ಆಟದ ಬರಹಗಾರರು 1899 ಅನ್ನೋ ಇಸವಿ ಆರಿಸ್ಕೊಂಡಿದ್ದು ಎಷ್ಟು ಸರಿ ಅನ್ನೋದಕ್ಕೆ ಇದು ಸಾಕು.

ಬ್ಯಾಂಕ್ ದರೋಡೆಯ ವಿಷಯದಲ್ಲಿ ನಿಜವಾದ ಇತಿಹಾಸ ಇನ್ನೂ ಕಠೋರ. 1892ರ ಅಕ್ಟೋಬರ್ 5, ಕಾನ್ಸಾಸ್‌ನ ಕಾಫಿವಿಲ್. ಡಾಲ್ಟನ್ ಅಣ್ಣತಮ್ಮಂದಿರು ಮೂವರು, ಜೊತೆಗೆ ಇಬ್ಬರು. ಒಂದೇ ಬೆಳಿಗ್ಗೆ ಎರಡು ಬ್ಯಾಂಕ್ ದೋಚೋ ಯೋಚನೆ, ಅದೂ ತಮ್ಮ ಮುಖ ಗೊತ್ತಿರೋ ಊರಲ್ಲಿ. ಬ್ಯಾಂಕ್ ಎದುರಿಗೆ ಕುದುರೆ ಕಟ್ಟೋಣ ಅಂದುಕೊಂಡು ಬಂದರೆ ರಸ್ತೆ ರಿಪೇರಿ ನಡೀತಿದೆ, ಕುದುರೆ ಕಟ್ಟೋ ಕಂಬಗಳನ್ನೇ ಕಿತ್ತಿದ್ದಾರೆ. ದೂರದ ಒಂದು ಓಣಿಯಲ್ಲಿ ಕಟ್ಟಿ ನಡ್ಕೊಂಡು ಬಂದರು. ಒಂದು ಬ್ಯಾಂಕಿನ ಕ್ಯಾಶಿಯರ್, ಸೇಫಿಗೆ ಟೈಮ್ ಲಾಕ್ ಇದೆ, 9:45ರವರೆಗೆ ತೆಗೆಯೋಕೆ ಆಗಲ್ಲ ಅಂತ ಸುಳ್ಳು ಹೇಳಿದ. ಇವರು ನಂಬಿ ಕಾಯ್ತಾ ನಿಂತರು. ಅಷ್ಟರಲ್ಲಿ ಊರಿನವರು ಹಾರ್ಡ್‌ವೇರ್ ಅಂಗಡಿಯಿಂದ ಬಂದೂಕು ತಗೊಂಡು ಸಿದ್ಧರಾದರು. ಕುದುರೆ ಕಟ್ಟಿದ್ದ ಅದೇ ಓಣಿಯಲ್ಲಿ ದರೋಡೆಕೋರರು ಉರುಳಿದರು. ಐದರಲ್ಲಿ ನಾಲ್ವರು ಸತ್ತರು, ಊರಿನವರೂ ನಾಲ್ವರು ಸತ್ತರು. ಬದುಕಿದ ಎಮೆಟ್ ಡಾಲ್ಟನ್ ಹದಿನಾಲ್ಕು ವರ್ಷ ಜೈಲಲ್ಲಿದ್ದು 1907ರಲ್ಲಿ ಹೊರಗೆ ಬಂದ.

ಬ್ಯಾಂಕಿನ ಒಳಗೆ ಹೋಗೋದು ಯಾವತ್ತೂ ಕಷ್ಟ ಅಲ್ಲ, ಹೊರಗೆ ಬರೋದು ಕಷ್ಟ. ಸೇಂಟ್ ಡೆನಿಯಲ್ಲೂ ಆಗಿದ್ದು ಇದೇ. ಹೋಜಿಯಾ ಮತ್ತು ಜಾನ್‌ನ ಸಂಗಾತಿ ಅಬಿಗೇಲ್ ಬೇರೆ ಕಡೆ ಸ್ಫೋಟ ಮಾಡಿ ಪೊಲೀಸರನ್ನ ಆ ಕಡೆ ಸೆಳೀಬೇಕು, ಉಳಿದವರು ಒಳಗೆ ನುಗ್ಗಿ ಸೇಫ್ ಒಡೀಬೇಕು. ಅಲ್ಲಿವರೆಗೂ ಎಲ್ಲ ಸರಿಯಾಗೇ ನಡೀತು. ಆದರೆ ತಪ್ಪಿಸ್ಕೊಳ್ಳೋಕೆ ಎರಡನೇ ದಾರಿ ಯೋಚಿಸಿರಲಿಲ್ಲ. ಹೋಜಿಯಾನ ಎದೆಗೆ ಮಿಲ್ಟನ್ ಗುಂಡು ಹೊಡೆದ ಮೇಲೆ ಗೋಡೆಗೇ ಡೈನಮೈಟ್ ಇಟ್ಟು ಮಾಳಿಗೆ ಹತ್ತಬೇಕಾಯ್ತು. ಲೆನ್ನಿ ಸತ್ತಿದ್ದು ಆ ಮಾಳಿಗೆಯ ಮೇಲೆ. ತಪ್ಪಿಸ್ಕೊಂಡು ಹತ್ತಿದ ಹಡಗು ಮುಳುಗಿ ದುಡ್ಡು ಸಮುದ್ರದ ಪಾಲು. ಅದಕ್ಕೂ ಸ್ವಲ್ಪ ದಿನ ಮುಂಚೆ ಟ್ರಾಲಿ ನಿಲ್ದಾಣದಲ್ಲಿ ಚಿಲ್ಲರೆಗೋಸ್ಕರ ಬಲೆಗೆ ಬಿದ್ದು, ಆ ಸಿಟ್ಟಿಗೆ ನಗರದ ಮಾಫಿಯಾ ದೊರೆ ಬ್ರಾಂಟೆಯನ್ನ ಮೊಸಳೆ ಬಾಯಿಗೆ ಕೊಟ್ಟು, ಇಡೀ ನಗರ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕೂತಿರುವಾಗಲೇ ಈ ಕೆಲಸಕ್ಕೆ ಕೈ ಹಾಕಿದರು. ಕಾಯೋಕೆ ಆಗ್ತಿರಲಿಲ್ಲ, ಯಾಕಂದರೆ ಎಲ್ಲರನ್ನೂ ದೂರದ ದೇಶಕ್ಕೆ ಸಾಗಿಸೋ ಖರ್ಚು ತಲೆ ಮೇಲಿತ್ತು. ಎಷ್ಟು ಬಂದರೆ ಸಾಕು ಅನ್ನೋ ಒಂದು ಅಂಕಿಗೆ ಡಚ್ ಮಾತ್ರ ಕಟ್ಟುಬೀಳ್ತಾನೇ ಇರಲಿಲ್ಲ.

ಇದೆಲ್ಲಕ್ಕಿಂತ ನನ್ನ ಹೊಟ್ಟೆ ಉರಿಸೋದು ಗ್ಯಾಂಗಿನ ಲೆಕ್ಕಿಗ ಸ್ಟ್ರಾಸ್‌ನ ಬಡ್ಡಿ ವ್ಯವಹಾರ. ದರೋಡೆಯಿಂದ ಸಾಲದಾಗ ಕ್ಯಾಂಪ್ ನಡೆಸೋಕೆ ಅದು ಒಂದು ಆಸರೆ. ಬಡ ರೈತನಿಗೆ ಸಾಲ ಕೊಡೋದು, ತೀರಿಸದಿದ್ದರೆ ವಸೂಲಿಗೆ ಆರ್ಥರ್‌ನನ್ನ ಕಳಿಸೋದು. ಥಾಮಸ್ ಡೌನ್ಸ್‌ನ ಹೊಲದ ಬೇಲಿ ಪಕ್ಕದಲ್ಲಿ ಆರ್ಥರ್ ಅವನ ಅಂಗಿ ಹಿಡಿದು ಗುದ್ದುತ್ತಾನೆ. ಡೌನ್ಸ್ ಕೆಮ್ಮುತ್ತಾನೆ, ರಕ್ತ ಆರ್ಥರ್‌ನ ಮುಖಕ್ಕೆ ಸಿಡಿಯುತ್ತೆ. ಆರ್ಥರ್‌ಗೆ ಕ್ಷಯ ಅಂಟೋದು ಆ ಕ್ಷಣದಲ್ಲಿ. ಕ್ಷಯದ ರೋಗಾಣುವನ್ನ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ, ಅದನ್ನ ಕೊಲ್ಲೋ ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದು 1943ರಲ್ಲಿ. ನಡುವೆ ಬದುಕಿದವರಿಗೆ ವೈದ್ಯರು ಹೇಳ್ತಿದ್ದದ್ದು ಬೆಚ್ಚಗಿರೋ, ಒಣಹವೆ ಇರೋ ಜಾಗಕ್ಕೆ ಹೋಗಿ ವಿಶ್ರಾಂತಿ ತಗೋ ಅಂತ. ಸೇಂಟ್ ಡೆನಿಯ ವೈದ್ಯ ಆರ್ಥರ್‌ಗೂ ಅದನ್ನೇ ಹೇಳ್ತಾನೆ. ಗ್ಯಾಂಗಿನ ಅತ್ಯಂತ ಗಟ್ಟಿ ಆಳನ್ನ ಕೊಂದಿದ್ದು ಪಿಂಕರ್ಟನ್ನರ ಗುಂಡಲ್ಲ, ಕ್ಯಾಂಪಿನ ಬಡ್ಡಿ ಲೆಕ್ಕ. ಡಚ್ ಬಡವರ ಪರ ಅಂತ ಇಪ್ಪತ್ತು ವರ್ಷ ಹೇಳ್ಕೊಂಡು ಬಂದಿದ್ದ, ಅವನ ಡೇರೆಯ ಪಕ್ಕದಲ್ಲೇ ಈ ವ್ಯವಹಾರ ನಡೀತಿತ್ತು.

ಆರ್ಥರ್ ಕೊನೆಗೆ ಸ್ಟ್ರಾಸ್‌ನನ್ನ ಕ್ಯಾಂಪಿನಿಂದ ಓಡಿಸ್ತಾನೆ. ಆ ಸ್ಟ್ರಾಸ್ ಆಮೇಲೆ ಪಿಂಕರ್ಟನ್ನರ ಕೈಗೆ ಸಿಕ್ಕಿ, ಯಾರ ಹೆಸರನ್ನೂ ಹೇಳದೆ ಸೆರೆಯಲ್ಲೇ ಸಾಯ್ತಾನೆ.

ಇನ್ನು ಬ್ಲ್ಯಾಕ್‌ವಾಟರ್ ದುಡ್ಡು. ದೋಣಿಯಲ್ಲಿದ್ದ 1,50,000 ಡಾಲರ್‌ಗೋಸ್ಕರ ಶುರುವಾದ ಓಟ ಇದು, ದುಡ್ಡು ಅಲ್ಲೇ ಬಿಟ್ಟು ಬಂದಿದ್ದರು. 1907ರಲ್ಲಿ ಜಾನ್ ಬ್ಯಾಂಕಿನಿಂದ ಸಾಲ ತಗೊಂಡು ಬೀಚರ್ಸ್ ಹೋಪ್ ಅನ್ನೋ ಜಮೀನು ಕೊಳ್ತಾನೆ. ಬಿಡಿ ಭಾಗಗಳಾಗಿ ಬರೋ ಮರದ ಮನೆ ತರಿಸಿ, ಹಳೇ ಗ್ಯಾಂಗಿನ ಚಾರ್ಲ್ಸ್ ಮತ್ತು 'ಅಂಕಲ್' ಅನ್ನೋ ಮುದುಕನ ಜೊತೆ ಸೇರಿ ಮೊಳೆ ಹೊಡೆದು ಕಟ್ಟುತ್ತಾನೆ. ದರೋಡೆ ಇಲ್ಲದೆ, ಕಂತಿನ ಸಾಲದ ಮೇಲೆ ನಿಂತ ಮೊದಲ ಬದುಕು ಅದು. ಆಮೇಲೆ ಹಗೆ ತೀರಿಸೋಕೆ ಹಿಮದ ಬೆಟ್ಟ ಹತ್ತಿ ಮೈಕಾನನ್ನ ಮುಗಿಸ್ತಾನೆ, ಅಲ್ಲಿನ ಗುಡಿಸಲಲ್ಲಿ ಬ್ಲ್ಯಾಕ್‌ವಾಟರ್ ದುಡ್ಡು ಸಿಗುತ್ತೆ. ಬ್ಯಾಂಕಿನ ಸಾಲ ತೀರುತ್ತೆ, ಅಬಿಗೇಲ್ ಜೊತೆ ಮದುವೆಯೂ ಆಗುತ್ತೆ. ಹೆಸರುಗಳು ಪರದೆ ಮೇಲೆ ಬರೋ ಹೊತ್ತಿಗೆ ಹಿಂದೆ ಮಿಲ್ಟನ್ ಜೊತೆಗಿದ್ದ ಏಜೆಂಟ್ ರಾಸ್ ಅದೇ ಹಿಮದಲ್ಲಿ ಮೈಕಾನ ಹೆಣದ ಮುಂದೆ ನಿಂತಿರ್ತಾನೆ. ಅಲ್ಲಿಂದ ಊರೂರು ವಿಚಾರಿಸ್ಕೊಂಡು, ಕುದುರೆ ಮೇಲೆ ನಿಧಾನಕ್ಕೆ ಬಂದು, ದೂರದಲ್ಲಿ ನಿಂತು ಆ ಮರದ ಮನೆಯನ್ನ ನೋಡ್ತಾನೆ.