ಫ್ಯಾನ್ ಬಾಯಿ ಮುಚ್ಚಿಸುವ ಮೊದಲು

ಎಲ್ಲರಿಗೂ ನಮಸ್ಕಾರ. ಈ ಅರ್ಧ ಗಂಟೆಯನ್ನು ನಾನೇ ಹಟ ಹಿಡಿದು ಕೇಳಿ ತೆಗೆದುಕೊಂಡೆ. ಕಾರಣ ಇದೆ. ಈಚೆಗೆ ಯಾರು ಫೋನ್ ಮಾಡಿದರೂ ಒಂದೇ ಮಾತು: "ಸರ್, ಸರ್ವರ್ ಫ್ಯಾನ್ ತುಂಬಾ ಸದ್ದು ಮಾಡುತ್ತಿದೆ, ಕಡಿಮೆ ಮಾಡೋ ಕಮಾಂಡ್ ಇದ್ರೆ ಕೊಡಿ." ಕಮಾಂಡ್ ಇದೆ. ಕೊಡುವುದಿಲ್ಲ. ಕೊಟ್ಟರೆ ಇಪ್ಪತ್ತು ಪರ್ಸೆಂಟಿಗೆ ಇಳಿಸಿ ಹಾಯಾಗಿ ಮನೆಗೆ ಹೋಗುತ್ತೀರಿ. ಫ್ಯಾನ್ ಯಾಕೆ ಅಷ್ಟು ಜೋರಾಗಿ ಓಡುತ್ತಿತ್ತು ಅನ್ನೋ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಬಿಎಂಸಿ ಅಂದರೆ ಸರ್ವರ್ ಬೋರ್ಡಿನ ಮೇಲೆ ಕೂತು ಬಿಸಿ, ಫ್ಯಾನ್ ಎಲ್ಲ ನೋಡಿಕೊಳ್ಳುವ ಪುಟ್ಟ ಚಿಪ್, ಈ ಸಭೆಗೆ ಹೆಚ್ಚು ಹೇಳಬೇಕಿಲ್ಲ. ಡೆಲ್ ಪೆಟ್ಟಿಗೆಯಲ್ಲಿ ಅದು ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ. 1998ರಲ್ಲಿ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ಅನ್ನೋ ಸಾಮಾನ್ಯ ಮಾನದಂಡ ತಂದರು. ಆಗಿನಿಂದ ಈ ಚಿಪ್ಪನ್ನು ಮಾತಾಡಿಸೋಕೆ ಒಂದು ದಾರಿ ಇದೆ. ಫ್ಯಾನ್ ಇರುವುದು ಅದರ ಕೈಯಲ್ಲಿ, ಲಿನಕ್ಸ್ ಕೈಯಲ್ಲಲ್ಲ. ಅದಕ್ಕೇ 'ಸೆನ್ಸರ್ಸ್' ಅಂತ ಹೊಡೆದರೆ ಸಿಪಿಯು ಕೋರ್‌ಗಳ ಬಿಸಿ ಕಾಣುತ್ತದೆ, ಫ್ಯಾನ್ ಎಷ್ಟೋ ಸಲ ಕಾಣುವುದೇ ಇಲ್ಲ. ಐಪಿಎಂಐಟೂಲ್ ಅನ್ನೋ ಪ್ರೋಗ್ರಾಂ ಹಾಕಿಕೊಂಡು ಎಸ್‌ಡಿಆರ್, ಅಂದರೆ ಸೆನ್ಸರ್‌ಗಳ ಪಟ್ಟಿ ತೆಗೆಯಿರಿ. ಬಿಸಿ, ಆರ್‌ಪಿಎಂ (ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು), ಪವರ್ ಸಪ್ಲೈ ಎಲ್ಲ ಅಲ್ಲೇ ಸಿಗುತ್ತದೆ.

ಅದರಲ್ಲಿ ಮೊದಲು ನೋಡಬೇಕಾದ್ದು ಇನ್ಲೆಟ್. ಒಳಗೆ ಬರುವ ಗಾಳಿಯ ಬಿಸಿ. ನಮ್ಮವರೆಲ್ಲ ಮೊದಲು ಸಿಪಿಯು ನೋಡುತ್ತಾರೆ. "60 ಡಿಗ್ರಿ ಇದೆ ಸರ್, ಸಿಪಿಯು ಆರಾಮಾಗಿದೆ, ಫ್ಯಾನ್ ಸುಮ್ನೆ ಕೂಗ್ತಿದೆ." ಸುಮ್ನೆ ಅಲ್ಲಪ್ಪ! ಅದು ಕೂಗುತ್ತಿರುವುದರಿಂದಲೇ 60 ಇದೆ. ಎಸಿ, ತಂಪು ವ್ಯವಸ್ಥೆಗಳ ಎಂಜಿನಿಯರ್‌ಗಳ ಸಂಘ ಆಶ್ರೇ, ಅದರ ಶಿಫಾರಸು ಇನ್ಲೆಟ್‌ಗೆ 18ರಿಂದ 27 ಡಿಗ್ರಿ. ನಿಮ್ಮಲ್ಲಿ 34 ಇದ್ದರೆ ತೊಂದರೆ ಪೆಟ್ಟಿಗೆಯೊಳಗಿಲ್ಲ, ರೂಮಿನಲ್ಲಿದೆ.

ನಮ್ಮೂರು ಬೆಂಗಳೂರು ತಂಪು ಅನ್ನೋ ಹೆಮ್ಮೆ ಬೇರೆ ನಮಗೆ. 2016ರ ಏಪ್ರಿಲ್‌ನಲ್ಲಿ ಇದೇ ಊರು 39 ಡಿಗ್ರಿ ದಾಟಿತ್ತು. ಇನ್ನೊಂದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಸ್ವಲ್ಪ ತೆಳು. ಅಷ್ಟೇ ಬಿಸಿ ಹೊರಗೆ ಹಾಕಬೇಕಾದರೆ ಫ್ಯಾನ್ ಜಾಸ್ತಿ ಗಾಳಿ ತಳ್ಳಬೇಕು. ಆಶ್ರೇಯ ಎ2 ವರ್ಗದ ಸರ್ವರ್ ಗರಿಷ್ಠ 35 ಡಿಗ್ರಿ ತಡೆಯಬೇಕು. ಆದರೆ 900 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರ್‌ಗೆ ಒಂದು ಡಿಗ್ರಿ ಕಡಿತ. ಆ ಕಡಿತ ಶುರುವಾಗುವುದೇ ನಮ್ಮ ಊರಿನ ಎತ್ತರದಲ್ಲಿ. ಚೆನ್ನೈ ಸರ್ವರ್‌ಗೆ ಈ ತಾಪತ್ರಯ ಇಲ್ಲ. ಅದಕ್ಕೆ ಬೇರೆ ತಾಪತ್ರಯಗಳಿವೆ, ಬಿಡಿ.

ಈಗ ಚಾಮರಾಜಪೇಟೆ ಕಥೆ. ಕೆಲವರು ಮೊದಲೇ ಕೇಳಿದ್ದೀರಿ, ತಡೆದುಕೊಳ್ಳಿ. ಒಂದು ಲೆಕ್ಕಪತ್ರದ ಆಫೀಸು. ಸೆಕೆಂಡ್‌ಹ್ಯಾಂಡ್ ಟವರ್ ಸರ್ವರ್, ಅದರ ಮೇಲೆ ಟ್ಯಾಲಿ. ಆಫೀಸಿನ ಹಿರಿಯರಿಗೆ ಸದ್ದು ಆಗಿಬರುವುದಿಲ್ಲ. ಯಾರೋ ಬುದ್ಧಿವಂತರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ, ದುಬಾರಿ ಸೈಲೆಂಟ್ ಫ್ಯಾನ್ ತಂದು ಹಾಕಿದ್ದಾರೆ. ಆಮೇಲೆ ಶುರುವಾಯಿತು. ಫ್ಯಾನ್ ಭರ್ರ್ ಅಂತ ಏರುತ್ತದೆ, ತಣ್ಣಗಾಗುತ್ತದೆ, ಮತ್ತೆ ಭರ್ರ್. ದಿನವಿಡೀ ಇದೇ. ನಾನು ಹೋದಾಗ ರಿಸೆಪ್ಷನ್‌ನ ಅಕ್ಕ ಹೇಳಿದರು: "ಸರ್, ಮೊದಲಿನ ಸದ್ದೇ ವಾಸಿ. ಅದಕ್ಕೆ ನಿದ್ದೆ ಬರ್ತಿತ್ತು, ಇದಕ್ಕೆ ಬೆಚ್ಚಿ ಬೀಳ್ತೀವಿ."

ಅಷ್ಟರಲ್ಲಿ ಎಲ್ಲರೂ ಕೈ ಆಡಿಸಿದ್ದರು. ಒಬ್ಬರು ಥರ್ಮಲ್ ಪೇಸ್ಟ್ ಬದಲಿಸಿದ್ದರು. ಇನ್ನೊಬ್ಬರು ಬಯಾಸ್ ಅಪ್‌ಡೇಟ್ ಮಾಡಿದ್ದರು. ಮತ್ತೊಬ್ಬರು ವೈರಸ್ ಅಂದಿದ್ದರು. ಅಂಥವರು ಎಲ್ಲ ಕಡೆ ಒಬ್ಬರಿರುತ್ತಾರೆ. ನಾನು ಇನ್ಲೆಟ್ ನೋಡಿದೆ. ತಂಪಾಗಿತ್ತು. ಸಿಪಿಯುನೂ ತಂಪು. ಹಾಗಾದರೆ ಇದು ಬಿಸಿಯ ಕಥೆಯಲ್ಲ, ಅಲ್ವಾ? ಸಿಸ್ಟಮ್ ಇವೆಂಟ್ ಲಾಗ್ ತೆಗೆದೆ. ಪುಟಗಟ್ಟಲೆ ಒಂದೇ ಸಾಲು: ಫ್ಯಾನ್ ವೇಗ ಲೋಯರ್ ಕ್ರಿಟಿಕಲ್ ಅನ್ನೋ ಎಚ್ಚರಿಕೆಯ ಗೆರೆಗಿಂತ ಕೆಳಗೆ ಹೋಯಿತು, ಸರಿಹೋಯಿತು, ಮತ್ತೆ ಕೆಳಗೆ ಹೋಯಿತು.

ಆಗಿದ್ದಿಷ್ಟೇ. ಹಳೆಯ ಫ್ಯಾನ್ ಎಷ್ಟೇ ನಿಧಾನ ಓಡಿದರೂ 500 ಆರ್‌ಪಿಎಂ ಮೇಲೇ ಇರುತ್ತಿತ್ತು. ಬಿಎಂಸಿಯ ಕೆಳಗಿನ ಗೆರೆ ಅಲ್ಲಿತ್ತು. ಹೊಸ ಫ್ಯಾನ್ ಆರಾಮಾಗಿ 400ಕ್ಕೆ ಇಳಿಯುತ್ತದೆ. ಬಿಎಂಸಿ ನೋಡುತ್ತದೆ: ಅಯ್ಯೋ, ಫ್ಯಾನ್ ಸತ್ತಿತು! ಎಲ್ಲ ಫ್ಯಾನ್‌ಗಳನ್ನೂ ಫುಲ್ ಸ್ಪೀಡ್‌ಗೆ ಏರಿಸುತ್ತದೆ. ವೇಗ 500 ದಾಟುತ್ತದೆ, ಗಾಬರಿ ಇಳಿಯುತ್ತದೆ, ಫ್ಯಾನ್ ಇಳಿಯುತ್ತದೆ. ಮತ್ತೆ ಗಾಬರಿ. ಬಿಎಂಸಿಯದು ತಪ್ಪಲ್ಲ, ಫ್ಯಾನ್‌ದೂ ತಪ್ಪಲ್ಲ. ಇಬ್ಬರಿಗೂ ಪರಿಚಯ ಮಾಡಿಸಿರಲಿಲ್ಲ ಅಷ್ಟೇ. ಐಪಿಎಂಐಟೂಲ್‌ನಲ್ಲಿ ಫ್ಯಾನ್ ವೇಗಕ್ಕಿರುವ ಕೆಳಗಿನ ಎಚ್ಚರಿಕೆಯ ಗೆರೆಗಳು ಮೂರು, ಮೂರನ್ನೂ ಇಳಿಸಿದೆ, ಸದ್ದು ನಿಂತಿತು. ಅಲ್ಲಿಗೇ ಎದ್ದು ಬರಲಿಲ್ಲ. ಸೈಲೆಂಟ್ ಫ್ಯಾನ್‌ಗೆ ಒತ್ತಡ ಕಡಿಮೆ, ಹೀಟ್‌ಸಿಂಕ್ ಸಂದಿಯಲ್ಲಿ ಗಾಳಿ ನುಗ್ಗಿಸೋ ಶಕ್ತಿ ಕಡಿಮೆ. ಒಂದು ಗಂಟೆ ಪೂರ್ತಿ ಲೋಡ್ ಕೊಟ್ಟು, ಬಿಸಿ ನೋಡಿ, ಕಾಫಿ ಕುಡಿದು ಬಂದೆ. ಟವರ್ ಆದ್ದರಿಂದ ನಡೆಯಿತು. ರ್ಯಾಕ್‌ನಲ್ಲಿ ಕೂರುವ ತೆಳ್ಳನೆಯ 'ಒಂದು ಯು' ಪೆಟ್ಟಿಗೆಯಲ್ಲಿ ಈ ಸಾಹಸ ಬೇಡ. ಅಲ್ಲಿ 40 ಮಿಲಿಮೀಟರ್‌ನ ಪುಟ್ಟ ಫ್ಯಾನ್ 15,000 ಆರ್‌ಪಿಎಂ ದಾಟಿ ಓಡುವುದು ಹುಚ್ಚಿಗಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಬೇರೆ ದಾರಿ ಇಲ್ಲ.

ಬಿಸಿಯಿಲ್ಲದೆ ಕೂಗುವ ಇನ್ನೊಂದು ಜಾತಿ ಇದೆ. ಡೆಲ್ ಪವರ್‌ಎಡ್ಜ್ ಸರ್ವರ್‌ಗೆ ಬೇರೆ ಕಂಪನಿಯ ಪಿಸಿಐ ಕಾರ್ಡ್ ಹಾಕಿದಿರಿ. ಕಾರ್ಡ್ ತನ್ನ ಬಿಸಿ ಹೇಳಿಕೊಳ್ಳುವುದಿಲ್ಲ. ಐಡ್ರ್ಯಾಕ್ ಕೆಟ್ಟದ್ದನ್ನೇ ಊಹಿಸಿ ಫ್ಯಾನ್ ಏರಿಸುತ್ತದೆ. ನನ್ನ ಮಟ್ಟಿಗೆ ಅದು ಸರಿಯಾದ ಬುದ್ಧಿ. ಅದನ್ನು ಆಫ್ ಮಾಡೋ ಸೆಟ್ಟಿಂಗ್ ಇದೆ. ಕಾರ್ಡ್ ಮುಟ್ಟಿ ನೋಡಿದ ಮೇಲೆ ಮಾಡಿ.

ಮುಚ್ಚಳ ತೆಗೆದಿಟ್ಟರೆ ತಂಪಾಗುತ್ತದೆ ಅನ್ನುವವರು ಇಲ್ಲೂ ಇದ್ದಾರೆ, ಮುಖ ನೋಡಿದರೆ ಗೊತ್ತಾಗುತ್ತದೆ. ಗಾಳಿಯ ದಾರಿಯೇ ತಪ್ಪಿಹೋಗುತ್ತದೆ ಸ್ವಾಮಿ. ಒಳಗಿನ ಪ್ಲಾಸ್ಟಿಕ್ ಹೊದಿಕೆ, ಖಾಲಿ ಸ್ಲಾಟಿನ ಬಿಲ್ಲೆಗಳು ಅಂದಕ್ಕೆ ಇಟ್ಟಿದ್ದಲ್ಲ.

ಟೈಮ್ ಆಗ್ತಿದೆ ಅಂತ ಚೀಟಿ ಬಂತು. ಬೇಗ ಹೇಳುತ್ತೇನೆ. ಫ್ಯಾನ್ ವೇಗ ಎರಡರಷ್ಟಾದರೆ ಗಾಳಿ ಎರಡರಷ್ಟು, ಆದರೆ ಅದು ಎಳೆಯುವ ಪವರ್ ಎಂಟರಷ್ಟು. ಅಂದರೆ ರೂಮಿನ ಎಸಿ ಆಫ್ ಮಾಡಿ ಉಳಿಸಿದ್ದರಲ್ಲಿ ಒಂದು ಪಾಲು ಫ್ಯಾನ್ ತಿನ್ನುತ್ತದೆ. ಮತ್ತೆ ಇನ್ಲೆಟ್‌ಗೇ ಬಂದೆ ನೋಡಿ.

ಇನ್ಲೆಟ್ ಸರಿ, ಸಿಪಿಯು ಸರಿ, ಆರ್‌ಪಿಎಂ ಕಡಿಮೆ, ಆದರೂ ಗರಗರ ಅಂದರೆ ಬೇರಿಂಗ್ ಹೋಗಿದೆ. ಎಣ್ಣೆ ಬಿಡಬೇಡಿ, ಫ್ಯಾನ್ ಬದಲಿಸಿ. ತರುವಾಗ ಪಿನ್ ಜೋಡಣೆ ನೋಡಿ. ನಾಲ್ಕು ಪಿನ್ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ.

ಧೂಳು ಊದುವಾಗ ಬ್ಲೇಡನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳು. ಡಿಸ್ಕ್ ಬಿಸಿ, ಗ್ರಾಫ್ ಇಡುವುದು ಇವೆಲ್ಲ ಬರೆದು ತಂದಿದ್ದೆ, ಆಗಲಿಲ್ಲ. ಹಿಂದಿನ ಸಾಲಿನಲ್ಲಿ ಆಗಿನಿಂದ ಕೈ ಎತ್ತಿದ್ದೀರಿ, ಕೇಳಿ. ಯಾವ ಮಾಡೆಲ್, ಇನ್ಲೆಟ್ ಎಷ್ಟು, ಅದನ್ನು ಮೊದಲು ಹೇಳಿ.